ಹಳೆಯ ನೋವಿಗೆ ಯೋಗ: ಕೋಲಾರದ ತರಗತಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಆರು ಗಂಟೆಯ ತರಗತಿ ಮುಗಿದು ಜಮಖಾನ ಮಡಿಸುವ ಹೊತ್ತಿಗೆ ಪ್ರಶ್ನೆಗಳು ಶುರುವಾಗುತ್ತವೆ. ಎಲ್ಲರ ಮುಂದೆ ಕೇಳಲು ಸಂಕೋಚಪಡುವವರು ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಕೇಳುತ್ತಾರೆ. ಕೋಲಾರದಲ್ಲಿ ಯೋಗ ಹೇಳಿಕೊಡಲು ಆರಂಭಿಸಿ ಹದಿನಾಲ್ಕು ವರ್ಷವಾಯಿತು. ನಮ್ಮಲ್ಲಿಗೆ ಬರುವವರಲ್ಲಿ ಬಹಳ ಮಂದಿ ಸೊಂಟ, ಮಂಡಿ, ಕತ್ತು, ಭುಜದ ನೋವಿನಲ್ಲಿ ಬೇಯುತ್ತಾ, ನಾಲ್ಕಾರು ಕಡೆ ತೋರಿಸಿ, ಕೊನೆಗೆ ಯಾರೋ ಹೇಳಿದರೆಂದು ಬಂದವರು. ಅವರು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಯೋಗ ಶಿಕ್ಷಕಿ, ವೈದ್ಯೆಯಲ್ಲ. ವೈದ್ಯರ ಬಳಿಯೇ ಹೋಗಬೇಕಾದ ಸಂದರ್ಭಗಳನ್ನು ಅಲ್ಲಲ್ಲೇ ಹೇಳಿದ್ದೇನೆ. ಅವನ್ನು ದಯವಿಟ್ಟು ದಾಟಿ ಮುಂದೆ ಹೋಗಬೇಡಿ.

ಯಾವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ?

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ, ಅಥವಾ ಬಿಟ್ಟು ಬಿಟ್ಟು ಮರಳುತ್ತಲೇ ಇರುವ ನೋವನ್ನು ವೈದ್ಯರು ಹಾಗೆ ಕರೆಯುತ್ತಾರೆ. ಕಾಲು ಉಳುಕಿದಾಗ ಬರುವ ನೋವು ಪೆಟ್ಟು ಮಾಗಿದಂತೆ ತಾನೂ ಹೋಗುತ್ತದೆ. ಹಳೆಯ ನೋವು ಹಾಗಲ್ಲ. ಸಂಧಿವಾತದಂತಹ ಕಾಯಿಲೆಗಳಲ್ಲಿ ಒಳಗೆ ಕಾರಣ ಇನ್ನೂ ಇರುತ್ತದೆ. ಆದರೆ ಎಷ್ಟೋ ಸೊಂಟ ನೋವು, ಕತ್ತು ನೋವುಗಳಲ್ಲಿ ಪೆಟ್ಟು ಮಾಗಿ ವರ್ಷವಾದರೂ ನೋವು ಮಾತ್ರ ಉಳಿದುಕೊಂಡಿರುತ್ತದೆ.

2023ರ ಜುಲೈನಲ್ಲಿ ಟೊಮೆಟೊ ಬೆಲೆ ಏರಿದಾಗ ನಮ್ಮ ಕಡೆಯ ರೈತರು ರಾತ್ರಿಯಿಡೀ ತೋಟ ಕಾದದ್ದು ನಿಮಗೆ ನೆನಪಿರಬಹುದು. ಒಮ್ಮೆ ಕಳ್ಳರು ನುಗ್ಗಿದ ತೋಟದ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುತ್ತದೆ. ನಾಯಿ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ನಿಜವಾಗಿಯೂ ಅಪಾಯ ಕಾಣುತ್ತಿದೆ. ಬಹಳ ದಿನ ನೋವು ಉಂಡ ನರವ್ಯೂಹವೂ ಹೀಗೆಯೇ ಚುರುಕಾಗಿ ಬಿಡುತ್ತದೆ. ಬಗ್ಗಿ ಚೊಂಬು ಎತ್ತಿಕೊಂಡರೂ ಕೂಗಿಕೊಳ್ಳುತ್ತದೆ. ಆದ್ದರಿಂದ ‘ಎಲ್ಲಾ ನಿನ್ನ ಮನಸ್ಸಿನ ಭ್ರಮೆ’ ಎಂದು ಮನೆಯವರು ಹೇಳಿದರೆ ಅದು ತಪ್ಪು. ನೋವು ನಿಜ. ಆ ನಾಯಿಯನ್ನು ಬಡಿದು ಸುಮ್ಮನಾಗಿಸಲು ಆಗುವುದಿಲ್ಲ. ದಿನಾ ಅದೇ ಹೆಜ್ಜೆ, ಅದೇ ದನಿ ಕೇಳಿಸಿ, ಹೆದರಬೇಕಾಗಿಲ್ಲ ಎಂದು ಅದಕ್ಕೆ ರೂಢಿ ಮಾಡಿಸಬೇಕು.

ಯೋಗದಿಂದ ನೋವು ಪೂರ್ತಿ ಹೋಗುತ್ತದೆಯೇ?

ಹಾಗೆಂದು ಮಾತು ಕೊಡಲಾರೆ. ಕೊಡುವವರನ್ನು ನಂಬಿ ಹಣ ಕಟ್ಟಬೇಡಿ.

ಹೆಚ್ಚು ಅಧ್ಯಯನ ನಡೆದಿರುವುದು ಸೊಂಟ ನೋವಿನ ಮೇಲೆ. ಅಮೆರಿಕದ ವೈದ್ಯರ ಸಂಸ್ಥೆಯೊಂದು 2017ರಲ್ಲಿ ಹೊರಡಿಸಿದ ಮಾರ್ಗಸೂಚಿ, ಹಳೆಯ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬೇಕಾದ ಉಪಾಯಗಳಲ್ಲಿ ವ್ಯಾಯಾಮದ ಜೊತೆಗೆ ಯೋಗವನ್ನೂ ಸೇರಿಸಿತು. ಅದೇ ವರ್ಷ ಬಾಸ್ಟನ್‌ನಲ್ಲಿ 320 ಜನರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಹನ್ನೆರಡು ವಾರ ಯೋಗ ಮಾಡಿದವರಿಗೂ ಫಿಜಿಯೋಥೆರಪಿ ಪಡೆದವರಿಗೂ ಸಿಕ್ಕ ಆರಾಮ ಹೆಚ್ಚು ಕಡಿಮೆ ಒಂದೇ ಎಂದು ಅದರಲ್ಲಿ ಕಂಡುಬಂತು. ನಮ್ಮ ಹತ್ತಿರದ್ದೇ ಹೇಳುವುದಾದರೆ, ಬೆಂಗಳೂರಿನ ಆಚೆ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ 80 ಮಂದಿಯನ್ನು ಒಂದು ವಾರ ಅಲ್ಲೇ ಇರಿಸಿಕೊಂಡು ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಯೋಗ ಮಾಡಿದ ಗುಂಪಿನವರ ಬೆನ್ನು ಹೆಚ್ಚು ಸಲೀಸಾಗಿ ಬಗ್ಗಿತು, ದಿನನಿತ್ಯದ ಕೆಲಸದ ತೊಡಕು ಕಡಿಮೆಯಾಯಿತು. ಆದರೆ ಅದು ಮನೆ, ಹೊಲ, ಹಸು ಎಲ್ಲ ಬಿಟ್ಟು ವಾರವಿಡೀ ಅದನ್ನೇ ಮಾಡಿದವರ ಮಾತು. ಮನೆಯಲ್ಲಿ ಇಪ್ಪತ್ತು ನಿಮಿಷ ಮಾಡುವವರು ಏಳೇ ದಿನದಲ್ಲಿ ಅದನ್ನು ಎದುರುನೋಡಬಾರದು.

ಎಲ್ಲ ಅಧ್ಯಯನಗಳನ್ನೂ ಒಟ್ಟಿಗಿಟ್ಟು ತೂಗಿದ ವೈದ್ಯ ಸಂಶೋಧಕರು ಹೇಳುವುದು ಇಷ್ಟು: ಏನೂ ಮಾಡದೆ ಇರುವುದಕ್ಕೆ ಹೋಲಿಸಿದರೆ ಯೋಗದಿಂದ ಮೂರು ತಿಂಗಳಲ್ಲಿ ಸ್ವಲ್ಪ ಮಟ್ಟಿನ ಸುಧಾರಣೆ ಇದೆ, ಬೇರೆ ಒಳ್ಳೆಯ ವ್ಯಾಯಾಮಕ್ಕೆ ಹೋಲಿಸಿದರೆ ಅಂತಹ ಅಂತರವಿಲ್ಲ. ಹೊಸಬರಿಗೆ ನಾನು ಇದನ್ನು ಮುಚ್ಚಿಡುವುದಿಲ್ಲ. ನಡಿಗೆಯೇ ನಿಮಗೆ ಒಗ್ಗುತ್ತದೆ, ದಿನಾ ಅಂತರಗಂಗೆ ಬೆಟ್ಟದ ಕಡೆಗೆ ಹೋಗಿ ಬರುತ್ತೀರಿ ಎಂದರೆ ಅದನ್ನೇ ಮುಂದುವರಿಸಿ. ಯೋಗದಲ್ಲಿ ನಾನು ಕಂಡ ಹೆಚ್ಚುವರಿ ಲಾಭ ಬೇರೆ. ಚಲನೆ, ಉಸಿರು, ಗಮನ ಮೂರೂ ಒಂದೇ ಕಡೆ ಸೇರುತ್ತವೆ. ನೋವಿಗೆ ಹೆದರಿ ಮೈ ಬಿಗಿಹಿಡಿಯುವ ಅಭ್ಯಾಸ ನಮ್ಮ ಗಮನಕ್ಕೆ ಬರುವುದು ಆಗಲೇ.

ದಿನವೆಲ್ಲಾ ಹೊಲ, ಹಸು ಅಂತ ಮೈಮುರಿದು ದುಡಿಯುತ್ತೇವೆ. ನಮಗೆ ಬೇರೆ ವ್ಯಾಯಾಮ ಯಾಕೆ?

ಈ ಪ್ರಶ್ನೆ ಕೇಳದ ಹಳ್ಳಿಯವರೇ ಇಲ್ಲ, ಮತ್ತು ಇದು ನ್ಯಾಯವಾದ ಪ್ರಶ್ನೆ. ನಿಮಗೆ ದುಡಿಮೆ ಕಡಿಮೆಯಾಗಿಲ್ಲ. ಒಂದೇ ದುಡಿಮೆ ಹೆಚ್ಚಾಗಿದೆ. ಹಾಲು ಕರೆಯುವವರು ಬೆಳಿಗ್ಗೆ ಸಂಜೆ ಕುಕ್ಕರಗಾಲಿನಲ್ಲಿ ಕೂತು ಸೊಂಟ ಬಾಗಿಸಿರುತ್ತಾರೆ. ಮಾರುಕಟ್ಟೆಯ ಹಮಾಲಿ ಹದಿನೈದು ಕಿಲೋ ಟೊಮೆಟೊ ಬಾಕ್ಸನ್ನು ದಿನಕ್ಕೆ ನೂರಾರು ಸಲ ಒಂದೇ ಪಕ್ಕಕ್ಕೆ ತಿರುಗಿ ಎತ್ತಿ ಹಾಕುತ್ತಾನೆ. ವೇಮಗಲ್, ನರಸಾಪುರದ ಕಾರ್ಖಾನೆಗಳಿಗೆ ಹೋಗುವ ಹುಡುಗಿಯರು ಪಾಳಿ ಮುಗಿಯುವವರೆಗೆ ತಲೆ ಬಗ್ಗಿಸಿ ನಿಂತಿರುತ್ತಾರೆ. ಮೈಯ ಒಂದು ಭಾಗ ಸವೆಯುವಷ್ಟು ದುಡಿಯುತ್ತದೆ, ಪಕ್ಕದ ಭಾಗ ಮರೆತೇ ಹೋಗುತ್ತದೆ. ಜೊತೆಗೆ ಉಸಿರು ಬಿಗಿ.

ಶಿಡ್ಲಘಟ್ಟದ ಕಡೆಯ ಒಬ್ಬ ತಾಯಿ ಕೋಲಾರದ ಮಗಳ ಮನೆಗೆ ಬಂದವರು ನಮ್ಮ ತರಗತಿಗೂ ಬಂದರು. ಇಪ್ಪತ್ತು ವರ್ಷ ರೇಷ್ಮೆ ನೂಲು ಬಿಚ್ಚಿದ ಕೈ. ಬಲ ಭುಜದಿಂದ ಮೊಣಕೈವರೆಗೆ ನೋವು. ನಾನು ಏನೂ ಹೇಳಿಕೊಡದೆ ಮೊದಲು ಅವರನ್ನು ಅಂಗಾತ ಮಲಗಿಸಿದೆ. ಎಡ ಭುಜ ನೆಲಕ್ಕೆ ಒರಗಿತು, ಬಲ ಭುಜ ಒರಗಲಿಲ್ಲ. ಭುಜಕ್ಕೂ ಚಾಪೆಗೂ ನಡುವೆ ನನ್ನ ಅಂಗೈ ಸಲೀಸಾಗಿ ತೂರುವಷ್ಟು ಎಡೆ ಇತ್ತು. ಅದನ್ನು ಒತ್ತಿ ಕೆಳಗಿಳಿಸದೆ, ಟವೆಲ್ ಮಡಿಸಿ ಆ ಎಡೆಗೆ ಇಟ್ಟೆ. ಬಲಗೈ ಹೆಬ್ಬೆರಳು ಮತ್ತು ತೋರುಬೆರಳು ಆಗಲೂ ಒಂದನ್ನೊಂದು ಒತ್ತಿಕೊಂಡೇ ಇದ್ದವು, ಕಾಣದ ಎಳೆಯೊಂದನ್ನು ಹಿಡಿದ ಹಾಗೆ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುವಾಗ ಉಸಿರು ಹಿಡಿದುಕೊಳ್ಳುತ್ತಿದ್ದೆ ಎಂದು ಅವರೇ ಹೇಳಿದರು. ಉಸಿರು ಬಿಡುವುದನ್ನಷ್ಟೇ ಎಣಿಸಿ ಎಂದೆ. ಆರೇಳು ನಿಮಿಷವಾದ ಮೇಲೆ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ‘ಇಷ್ಟು ಹಿಡಿದುಕೊಂಡಿದ್ದೆ ಅಂತ ನನಗೇ ಗೊತ್ತಿರಲಿಲ್ಲವಲ್ಲಮ್ಮ’ ಎಂದರು. ಅವರ ಭುಜ ನೋವು ಆ ದಿನ ಹೋಗಲಿಲ್ಲ. ಆದರೆ ಅಂದಿನಿಂದ ನಮಗೆ ಕೆಲಸ ಮಾಡಲು ಒಂದು ದಾರಿ ಸಿಕ್ಕಿತು.

ಮೊದಲು ಡಾಕ್ಟರಿಗೆ ತೋರಿಸಲೇಬೇಕೇ?

ಹೌದು. ಒಮ್ಮೆಯಾದರೂ ತೋರಿಸಿ ಬನ್ನಿ. ಈ ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ತರಗತಿಗೆ ಬರುವ ಮುಂಚೆ ಆಸ್ಪತ್ರೆಗೆ ಹೋಗಿ: ಕಾಲಿನ ಶಕ್ತಿ ಕುಂದುತ್ತಾ ಬಂದಿದೆ, ಬಿದ್ದ ಅಥವಾ ಗಾಡಿ ಅಪಘಾತವಾದ ನಂತರ ನೋವು ಶುರುವಾಗಿದೆ, ಮಲಗಿದರೂ ರಾತ್ರಿಯಿಡೀ ಬಿಡದ ನೋವು, ಹಿಂದೆ ಕ್ಯಾನ್ಸರ್ ಆಗಿತ್ತು, ಕಾರಣವಿಲ್ಲದೆ ತೂಕ ಇಳಿಯುತ್ತಿದೆ. ಬೆನ್ನು ನೋವಿನ ಜೊತೆ ಸಂಜೆ ಸಂಜೆ ಜ್ವರ ಬಂದರೆ ಬೆನ್ನುಮೂಳೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಇದು ಅಪರೂಪವಲ್ಲ, ಮತ್ತು ಔಷಧಿಯಿಂದ ವಾಸಿಯಾಗುತ್ತದೆ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದೆ ಜೋಮು ಹಿಡಿದರೆ, ನಾಳೆ ನೋಡೋಣ ಎನ್ನಬೇಡಿ. ಅದೇ ದಿನ, ಅದೇ ಗಂಟೆ ಹೊರಡಬೇಕು.

ಎಂ.ಆರ್.ಐ. ವರದಿಯಲ್ಲಿ ಡಿಸ್ಕ್ ಸವೆದಿದೆ ಎಂದು ಬಂದಿದೆ. ಇನ್ನು ಬಗ್ಗಲೇಬಾರದೇ?

ಆ ಕಾಗದ ನೋಡಿ ಅರ್ಧ ಜೀವವಾದವರನ್ನು ಬಹಳ ಕಂಡಿದ್ದೇನೆ. ನೋವೇ ಇಲ್ಲದ ಜನರ ಬೆನ್ನಿನ ಚಿತ್ರಗಳನ್ನು ಪರಿಶೀಲಿಸಿದ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಯಲ್ಲಿ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ ಸವೆತ ಕಂಡಿತು. ಎಂಬತ್ತರ ವಯಸ್ಸಿನವರಲ್ಲಿ 96 ಮಂದಿಯಲ್ಲಿ. ತಲೆಗೂದಲು ನರೆಯುವ ಹಾಗೆ ಬೆನ್ನಿಗೂ ವಯಸ್ಸಾಗುತ್ತದೆ. ವರದಿಯ ಜೊತೆಗೆ ನಿಮ್ಮ ಕಾಲಿನ ಬಲ, ಜೋಮು, ನಡಿಗೆಗಳನ್ನು ವೈದ್ಯರು ಪರೀಕ್ಷಿಸಿ ಹೇಳಿದ್ದೇ ಮುಖ್ಯ.

ಕಾಲಿಗೆ ಸೆಳೆತ ಇಳಿಯುತ್ತಿರುವ ದಿನಗಳಲ್ಲಿ ಮಾತ್ರ ಪಶ್ಚಿಮೋತ್ತಾನಾಸನ, ಪಾದಹಸ್ತಾಸನದಂತಹ ಮುಂದೆ ಬಾಗುವ ಆಸನಗಳನ್ನು ಬಿಡಿ. ಮೂಳೆ ಟೊಳ್ಳಾಗಿದೆ ಎಂದು ವೈದ್ಯರು ಹೇಳಿರುವವರೂ, ಮುಖ್ಯವಾಗಿ ಮುಟ್ಟು ನಿಂತ ಹೆಂಗಸರು, ಬೆನ್ನನ್ನು ಕಮಾನಿನಂತೆ ಮುಂದಕ್ಕೆ ಮಡಿಸುವುದು ಬೇಡ. ಅಂಥವರ ಬೆನ್ನುಮೂಳೆ ಆ ಒತ್ತಡಕ್ಕೆ ಕುಸಿಯಬಹುದು.

ಆಸನ ಮಾಡುವಾಗ ಎಷ್ಟು ನೋವು ಬಂದರೆ ಸರಿ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನು ಓದಿ.

ಮಳೆ ಬಿದ್ದ ಮರುಗಳಿಗೆಯೇ ಯಾರೂ ನೇಗಿಲು ಹೂಡುವುದಿಲ್ಲ. ಕೆಸರಿನಲ್ಲಿ ಉತ್ತರೆ ಮಣ್ಣು ಹೆಂಟೆಗಟ್ಟುತ್ತದೆ. ಒಣಗಿದ ಮೇಲೆ ಹೋದರೆ ನೇಗಿಲು ಇಳಿಯುವುದಿಲ್ಲ. ನಡುವೆ ಒಂದು ಹದ ಇದೆ, ಮಣ್ಣನ್ನು ಹಿಡಿಯಲ್ಲಿ ಹಿಡಿದು ನೋಡಿದವರಿಗೆ ತಿಳಿಯುತ್ತದೆ. ಮುದ್ದೆ ತಿರುವುವವರಿಗೂ ಅದು ಗೊತ್ತು. ನೋವಿರುವ ಮೈಗೆ ಯೋಗ ಮಾಡಿಸುವುದೆಂದರೆ ಆ ಹದ ಹುಡುಕುವ ಕೆಲಸ. ಆಸನದ ಹೆಸರುಗಳು ಆಮೇಲಿನ ಮಾತು.

ಲೆಕ್ಕ ಹೀಗೆ ಇಟ್ಟುಕೊಳ್ಳಿ. ನೋವೇ ಇಲ್ಲದಿದ್ದರೆ ಸೊನ್ನೆ, ಸಹಿಸಲಾರದ್ದು ಹತ್ತು. ಶುರು ಮಾಡುವ ಮುಂಚೆ ಎಷ್ಟಿತ್ತೋ ಅದರ ಮೇಲೆ ಎರಡಕ್ಕಿಂತ ಹೆಚ್ಚು ಏರಬಾರದು. ಏರಿದ್ದೂ ಮರುದಿನ ಬೆಳಿಗ್ಗೆ ಏಳುವ ಹೊತ್ತಿಗೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು, ಇಂದು ಅರ್ಧ ಮಾಡಿ. ಸ್ನಾಯು ಹಿಗ್ಗುವ ಎಳೆತ ತೊಂದರೆಯಿಲ್ಲ. ಚುಚ್ಚು, ಉರಿ, ಕರೆಂಟು ಹೊಡೆದಂತೆ ಕಾಲಿಗೆ ಅಥವಾ ಕೈಗೆ ಹರಿಯುವ ನೋವು ಬಂದ ಕ್ಷಣವೇ ಹಿಂದಕ್ಕೆ ಬನ್ನಿ. ಇನ್ನೊಂದು ಗುರುತು ಉಸಿರು. ಮುಖ ಸಡಿಲವಾಗಿದ್ದು ಮೂಗಿನಲ್ಲಿ ಉಸಿರು ನಿಧಾನವಾಗಿ ಆಡುತ್ತಿದ್ದರೆ ಹದದಲ್ಲಿದ್ದೀರಿ. ಹಲ್ಲು ಕಚ್ಚಿದ್ದರೆ ದಾಟಿದ್ದೀರಿ.

ಇದನ್ನು ನಾನು ಕಲಿತದ್ದು ಏಟು ತಿಂದು. ಮೂವತ್ತನೆಯ ವಯಸ್ಸಿನಲ್ಲಿ ನನಗೂ ಸೊಂಟ ನೋವಿತ್ತು. ಒಂದು ಶಿಬಿರದಲ್ಲಿ ಮುಂದೆ ಬಾಗಿ ಕುಳಿತಿದ್ದಾಗ ಕಲಿಸುವವರು ಹಿಂದಿನಿಂದ ಬಂದು ‘ಇನ್ನೂ ಸ್ವಲ್ಪ’ ಎಂದು ಎರಡೂ ಕೈಯಿಂದ ಬೆನ್ನು ಒತ್ತಿದರು. ಟಕ್ಕೆಂದ ಶಬ್ದ ನನಗೆ ಕೇಳಿಸಿತು. ನಾಲ್ಕು ತಿಂಗಳು ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕಾಯಿತು. ಅಂದಿನಿಂದ ಯಾರ ಬೆನ್ನನ್ನೂ ನಾನು ಒತ್ತಿಲ್ಲ. ಯಾರಾದರೂ ಒತ್ತಲು ಬಂದರೆ ‘ಬೇಡ’ ಎನ್ನಿ. ಹಿರಿಯರು, ಗುರುಗಳು ಎಂಬ ದಾಕ್ಷಿಣ್ಯ ಅಲ್ಲಿ ಬೇಡ.

ಹಾಗಾದರೆ ಯಾವುದರಿಂದ ಶುರು ಮಾಡಲಿ?

ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ ಸಾಕು. ಅಂಗಾತ ಮಲಗಿ, ಮೀನಖಂಡಗಳೆರಡನ್ನೂ ಕುರ್ಚಿಯ ಮೇಲಿಡಿ. ತೊಡೆ ನೆಟ್ಟಗೆ ಮೇಲಕ್ಕೆ, ಮೊಣಕಾಲ ಹಿಂಬದಿ ಕುರ್ಚಿಯ ಅಂಚಿಗೆ. ಈಗ ಸೊಂಟದ ಕೆಳಗಿನ ಟೊಳ್ಳು ತಾನಾಗಿ ಚಾಪೆಗೆ ತಾಗುತ್ತದೆ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂರು ಎಣಿಸುತ್ತಾ ಉಸಿರು ಒಳಗೆ, ಐದು ಎಣಿಸುತ್ತಾ ಹೊರಗೆ. ಐದರಿಂದ ಹತ್ತು ನಿಮಿಷ. ಮೊದಲ ವಾರ ಇಷ್ಟೇ ಮಾಡಿದರೂ ಸರಿ. ‘ಇದೂ ಒಂದು ಯೋಗವೇ’ ಎಂದು ಮುಖ ಸಿಂಡರಿಸಿದ ಎಷ್ಟೋ ಜನ, ಹೊಲದಿಂದ ಬಂದ ತಕ್ಷಣ ಈಗ ಮಾಡುವುದು ಇದನ್ನೇ.

ಅದು ಒಗ್ಗಿದ ಮೇಲೆ ಮಾರ್ಜಾಲಾಸನ: ಅಂಗೈ, ಮೊಣಕಾಲು ಊರಿ, ಉಸಿರಿನ ಜೊತೆ ಬೆನ್ನನ್ನು ಮೇಲೆ ಕೆಳಗೆ ಅಲೆಯಂತೆ ಆಡಿಸುವುದು, ಆರೇಳು ಸಲ. ಮೊಣಕಾಲು ಊರಲಾಗದವರು ಕುರ್ಚಿಯಲ್ಲಿ ಕೂತು, ಕೈ ತೊಡೆಯ ಮೇಲಿಟ್ಟು ಇದನ್ನೇ ಮಾಡಬಹುದು. ಗೋಡೆಗೆ ಅಂಗೈ ಊರಿ ಎರಡು ಹೆಜ್ಜೆ ಹಿಂದೆ ಸರಿದು ಬೆನ್ನು ನೀಳಮಾಡುವುದು ಕತ್ತು, ಭುಜ, ಸೊಂಟ ಮೂರಕ್ಕೂ ಒಳ್ಳೆಯದು. ಮೂರನೆಯ ವಾರ ಸೇತುಬಂಧಾಸನ ಸೇರಿಸಿ: ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟವನ್ನು ಒಂದು ಗೇಣಿನಷ್ಟು ಮಾತ್ರ ಎತ್ತಿ, ಪೃಷ್ಠದ ಸ್ನಾಯುಗಳಿಗೆ ಬಲ ಬರಲಿ. ಕೊನೆಗೆ ಶವಾಸನ, ಅಂಗಾತ ಮಲಗಿ ಮೈ ಸಡಿಲಬಿಡುವುದು. ಅದನ್ನು ಬಿಟ್ಟು ಎದ್ದು ಹೋಗುವವರೇ ಹೆಚ್ಚು; ನೋವಿರುವವರು ಬಿಡಬಾರದ ಆಸನ ಅದೇ.

ಮಂಡಿ ನೋವು. ನೆಲದಲ್ಲಿ ಕೂರಲಾಗದು, ವಜ್ರಾಸನ ಬರದು. ನಾನು ಯೋಗಕ್ಕೆ ಬರಬಹುದೇ?

ಕೋಲಾರದಿಂದ ಬೆಂಗಳೂರಿನ ಕಡೆ ಹೋಗುವಾಗ ನರಸಾಪುರದ ಹತ್ತಿರ ಬೆಳ್ಳೂರು ಎಂಬ ಊರಿದೆ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ಹೆಸರಿನ ಮೊದಲ ಅಕ್ಷರವೇ ಆ ಊರು. ಇನ್‌ಫ್ಲುಯೆಂಜಾ ಹಬ್ಬಿದ್ದ ಕಾಲ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಒಂದಾದ ಮೇಲೊಂದು ಕಾಡಿ ಹುಡುಗ ಕಡ್ಡಿಯಂತಾಗಿದ್ದ. 1934ರಲ್ಲಿ ಮೈಸೂರಿಗೆ, ಅಕ್ಕನ ಗಂಡ ಕೃಷ್ಣಮಾಚಾರ್ಯರ ಬಳಿಗೆ ಹೋಗಿ ಯೋಗ ಕಲಿತರು. ಮುಂದೆ ಪುಣೆಯಲ್ಲಿ ನೆಲೆನಿಂತು, ಹಗ್ಗ, ಮರದ ತುಂಡು, ಪಟ್ಟಿ, ಕುರ್ಚಿ, ದಿಂಬುಗಳ ಆಸರೆಯಿಂದ ಆಸನ ಮಾಡಿಸುವ ಕ್ರಮವನ್ನು ಜಗತ್ತಿಗೆ ಕೊಟ್ಟರು. ಕಾಯಿಲೆಯ ಮೈಯನ್ನು ಒಳಗಿನಿಂದ ಬಲ್ಲವರಿಗೆ ಹೊಳೆಯುವ ಉಪಾಯ ಅದು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ನಮ್ಮದೇ ಮಣ್ಣಿನವರು ತೋರಿಸಿದ ಆಸರೆಯನ್ನು ಹಿಡಿಯಲು ನಾವೇ ನಾಚುವುದೇಕೆ?

ಆದ್ದರಿಂದ ಬನ್ನಿ. ಕುರ್ಚಿಯಲ್ಲೇ ಕೂತು ಮಾಡಿ. ಮೊಣಕಾಲು ಮಡಿಸಿ ಹಿಮ್ಮಡಿಯ ಮೇಲೆ ಕೂರುವ ವಜ್ರಾಸನ ಬೇಕೆಂದೇ ಇಲ್ಲ. ಸ್ವಲ್ಪ ನೋವಿರುವವರು ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ತೊಡೆಗೂ ಮೀನಖಂಡಕ್ಕೂ ನಡುವೆ ಇಟ್ಟು ಒಂದು ನಿಮಿಷ ಕೂತು ನೋಡಬಹುದು. ಊತ ಇರುವಾಗ, ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಆಗಿರುವಾಗ ಅದೂ ಬೇಡ. ಮಂಡಿಗೆ ನಿಜವಾಗಿ ಬೇಕಿರುವುದು ತೊಡೆಯ ಮುಂಭಾಗದ ಬಲ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೀಳಮಾಡಿ, ಹಿಮ್ಮಡಿಯನ್ನು ಮುಂದಕ್ಕೆ ಒತ್ತಿ, ಐದು ಸಲ ಉಸಿರಾಡುವಷ್ಟು ಹೊತ್ತು ಹಾಗೇ ಇಟ್ಟು ಇಳಿಸಿ. ಕಾಲಿಗೆ ಹತ್ತು ಸಲ.

ನಮ್ಮೂರ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದರಿಂದ ಬಂದ ಮೈಕೈ ನೋವಿಗೂ ಯೋಗ ಆಗುತ್ತದೆಯೇ?

ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರ, ಮುಳಬಾಗಿಲು ಕಡೆಯವರು ಕೇಳುವ ಪ್ರಶ್ನೆ ಇದು. ಉತ್ತರಿಸುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಕುಡಿಯುವ ನೀರಿನ ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ನಮ್ಮ ಕಲ್ಲಿನ ಪದರದ ಫ್ಲೋರೈಡ್ ನೀರಿಗೆ ಸೇರಿ ಬರುತ್ತದೆ. ವರ್ಷಾನುಗಟ್ಟಲೆ ಕುಡಿದರೆ ಅದು ಮೂಳೆಯಲ್ಲಿ ಕೂರುತ್ತದೆ. ಕೀಲುಗಳನ್ನು ಕಟ್ಟಿಹಿಡಿದ ತಂತುಗಳೇ ಸುಣ್ಣಗಟ್ಟಿ ಬೆನ್ನು, ಕತ್ತು ಬಿಗಿಯುತ್ತವೆ. ತಲೆ ತಿರುಗಿಸಲು ಮೈಯೆಲ್ಲಾ ತಿರುಗಿಸುವ ಅಜ್ಜಂದಿರನ್ನು ನೀವೂ ನೋಡಿರುತ್ತೀರಿ.

ಹೀಗೆ ಕಲ್ಲಾದ ತಂತುವನ್ನು ಆಸನ ಕರಗಿಸುವುದಿಲ್ಲ, ಮೂಳೆಯ ಫ್ಲೋರೈಡನ್ನು ಪ್ರಾಣಾಯಾಮ ಹೊರಹಾಕುವುದಿಲ್ಲ. ಮೊದಲ ಚಿಕಿತ್ಸೆ ನೀರು ಬದಲಿಸುವುದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಮನೆಯ ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಕೂಡ ತೆಗೆಯುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುವವರು ಕುಡಿಯಲು ಮಾತ್ರ ಆ ನೀರು ಬಳಸಿ, ಮುದ್ದೆ, ಸಾರು, ಅನ್ನಕ್ಕೆ ಬೋರ್‌ವೆಲ್ ನೀರನ್ನೇ ಸುರಿಯುತ್ತಾರೆ. ಅಡುಗೆಗೂ ಒಳ್ಳೆಯ ನೀರೇ ಬೇಕು. ಮಳೆನೀರು ಹಿಡಿದಿಟ್ಟುಕೊಳ್ಳುವ ತೊಟ್ಟಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು ತಪ್ಪದೆ ತಿನ್ನಿ. ಕಡು ಚಹಾ ಕಡಿಮೆ ಮಾಡಿ, ಚಹಾ ಎಲೆಯಲ್ಲೂ ಫ್ಲೋರೈಡ್ ಇದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಂಡರೆ ಇಡೀ ಮನೆಯ ನೀರನ್ನು ಪರೀಕ್ಷೆ ಮಾಡಿಸಿ.

ಇಷ್ಟಾದ ಮೇಲೆ ಯೋಗಕ್ಕೆ ಜಾಗವಿದೆ. ಪಕ್ಕೆಲುಬು ಬಿಗಿದವರಿಗೆ ಎದೆ ತುಂಬಾ ಉಸಿರಾಡುವ ಅಭ್ಯಾಸ, ಉಳಿದಿರುವ ಚಲನೆಯನ್ನು ಕಳೆದುಕೊಳ್ಳದಂತೆ ಕೀಲುಗಳನ್ನು ಮೆಲ್ಲಗೆ ಆಡಿಸುವುದು, ರಾತ್ರಿ ನಿದ್ದೆಗೆ ಮುಂಚೆ ಕುರ್ಚಿಯ ಮೇಲೆ ಕಾಲಿಟ್ಟು ಮಲಗುವುದು. ಬಲವಂತವಾಗಿ ಬಗ್ಗಿಸುವುದು, ಕತ್ತು ಹೊರಳಿಸುವುದು, ಸರ್ವಾಂಗಾಸನ, ಶೀರ್ಷಾಸನ ಇವರಿಗೆ ಖಂಡಿತ ಕೂಡದು.

ಚಿಕನ್‌ಗುನ್ಯಾ ಬಂದು ಹೋದ ಮೇಲೆ ಕೀಲುಗಳು ಬಿಟ್ಟಿಲ್ಲ. ಏನು ಮಾಡಲಿ?

2006ರಲ್ಲಿ ಅದು ನಮ್ಮ ರಾಜ್ಯದಲ್ಲಿ ಹರಡಿದಾಗ ಬಗ್ಗಿದ ಸೊಂಟ ನೆಟ್ಟಗಾಗಲು ತಿಂಗಳುಗಟ್ಟಲೆ ಹಿಡಿದವರಿದ್ದರು. ಊತ, ಬಿಸಿ ಇರುವಷ್ಟು ದಿನ ಕೀಲಿಗೆ ವಿಶ್ರಾಂತಿ ಕೊಡಿ, ಉಸಿರಾಟ ಮಾತ್ರ ಮಾಡಿ. ಊತ ಇಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬೆರಳು, ಮಣಿಕಟ್ಟು, ಕಣಕಾಲುಗಳ ಸೂಕ್ಷ್ಮ ವ್ಯಾಯಾಮ ಶುರು ಮಾಡಿ. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಲು ಒಂದು ಗಂಟೆಗಿಂತ ಹೆಚ್ಚು ಬೇಕಾಗುತ್ತಿದ್ದರೆ ಅದು ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್) ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆ ತಡಮಾಡದೆ ಔಷಧಿ ಶುರು ಮಾಡಿದರೆ ಕೀಲು ವಿಕಾರವಾಗುವುದನ್ನು ತಡೆಯಬಹುದು.

ಕಪಾಲಭಾತಿ ಮಾಡಿದರೆ ಎಲ್ಲ ನೋವೂ ಹೋಗುತ್ತದಂತೆ?

ಹೋಗುವುದಿಲ್ಲ. ಅದು ರಭಸದಿಂದ ಉಸಿರು ಹೊರಹಾಕುವ ಅಭ್ಯಾಸ. ರಕ್ತದೊತ್ತಡ ಹೆಚ್ಚಿರುವವರು, ಹೃದ್ರೋಗಿಗಳು, ಹರ್ನಿಯಾ ಇರುವವರು, ಬಸುರಿಯರು, ಡಿಸ್ಕ್ ನೋವು ಜೋರಾಗಿರುವವರು ಅದನ್ನು ಮಾಡಲೇಬಾರದು. ನೋವಿಗೆ ನೆರವಾಗುವುದು ನಿಧಾನದ ಉಸಿರು, ಅದರಲ್ಲೂ ಒಳಗೆಳೆಯುವುದಕ್ಕಿಂತ ಉದ್ದವಾಗಿ ಹೊರಬಿಡುವ ಉಸಿರು. ಹೊರಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಬಿಗಿದ ಮೈ ಸಡಿಲಿಸಲು ಅದೇ ಹೊತ್ತು ಸರಿ. ಭ್ರಾಮರಿಯಲ್ಲಿ ಗುಂಯ್ ಎನ್ನುತ್ತಾ ಬಿಡುವುದರಿಂದ ಅದು ತಾನಾಗಿ ಉದ್ದವಾಗುತ್ತದೆ, ಎಣಿಸುವ ತಾಪತ್ರಯವಿಲ್ಲ. ನೋವಿನಿಂದ ನಿದ್ದೆ ಬಾರದವರಿಗೆ ನಾನು ಮೊದಲು ಹೇಳುವುದು ಇದನ್ನು.

ಯೋಗ ಶುರು ಮಾಡಿದ ಮೇಲೆ ಮಾತ್ರೆ ನಿಲ್ಲಿಸಬಹುದೇ?

ನೀವಾಗಿ ನಿಲ್ಲಿಸಬೇಡಿ. ಸ್ಟೆರಾಯ್ಡ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಜೀವಕ್ಕೆ ಅಪಾಯ. ನರದ ನೋವಿಗೆ ಕೊಟ್ಟ ಮಾತ್ರೆಗಳನ್ನೂ ಹಂತ ಹಂತವಾಗಿ ಇಳಿಸಬೇಕು, ಅದು ವೈದ್ಯರ ಕೆಲಸ. ಹಾಗೆಂದು ಔಷಧಿ ಅಂಗಡಿಯಲ್ಲಿ ‘ನೋವಿಗೆ ಎರಡು ಕೊಡಿ’ ಎಂದು ಕೇಳಿ ದಿನಾ ನುಂಗುವುದೂ ಬೇಡ. ಆ ಮಾತ್ರೆಗಳು ವರ್ಷಗಟ್ಟಲೆ ಹೊಟ್ಟೆಗೆ ಬಿದ್ದರೆ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು. ಯಾವ ದಿನ ಎಷ್ಟು ನುಂಗಿದಿರಿ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ವೈದ್ಯರಿಗೆ ತೋರಿಸಿ. ಅಭ್ಯಾಸದಿಂದ ಉಪಯೋಗವಾಗುತ್ತಿದ್ದರೆ ಆ ಗುರುತುಗಳೇ ಹೇಳುತ್ತವೆ.

ಮೊಬೈಲಿನಲ್ಲಿ ನೋಡಿ ಕಲಿಯಬಹುದೇ? ಒಳ್ಳೆಯ ಶಿಕ್ಷಕರನ್ನು ಗುರುತಿಸುವುದು ಹೇಗೆ?

ಮೊದಲ ಎರಡು ತಿಂಗಳಾದರೂ ಎದುರಿಗೆ ಯಾರಾದರೂ ಇರಲಿ. ಮೊಬೈಲು ನಿಮ್ಮ ಮುಖ ನೋಡುವುದಿಲ್ಲ. ಶಿಕ್ಷಕರು ನಿಮ್ಮ ಕಾಯಿಲೆ, ಆಪರೇಷನ್, ಮಾತ್ರೆಗಳ ಬಗ್ಗೆ ಮೊದಲೇ ವಿಚಾರಿಸಿದರೆ, ‘ನಿಮಗೆ ಇದು ಬೇಡ’ ಎಂದು ಕೆಲವನ್ನು ಬಿಡಿಸಿದರೆ ಅಲ್ಲಿ ನಿಲ್ಲಿ. ಐವತ್ತು ಜನಕ್ಕೆ ಒಂದೇ ಸಲ ಸೂರ್ಯನಮಸ್ಕಾರ ಮಾಡಿಸುವ ಕಡೆ ನೋವಿನವರಿಗೆ ಜಾಗವಲ್ಲ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದಲ್ಲಿ ಬಿ.ಎನ್.ವೈ.ಎಸ್. ಪದವಿ ಪಡೆದ ವೈದ್ಯರಿದ್ದಾರೆ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು ಅದು. ಹಣವಿಲ್ಲ ಎನ್ನುವವರು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ವಿಚಾರಿಸಿ. ಅಲ್ಲಿನ ಕಾರ್ಯಕ್ರಮದಲ್ಲಿ ಯೋಗಾಭ್ಯಾಸವೂ ಸೇರಿದೆ. ನಿಮ್ಮೂರಿನಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.

ಎಷ್ಟು ದಿನಕ್ಕೆ ಗುಣ ಕಾಣುತ್ತದೆ? ಬೆಳಿಗ್ಗೆಯೇ ಮಾಡಬೇಕೇ?

ಎಂಟರಿಂದ ಹನ್ನೆರಡು ವಾರ ಕೊಡಿ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ. ಭಾನುವಾರ ಎರಡು ಗಂಟೆ ಮಾಡಿ ವಾರವೆಲ್ಲಾ ಬಿಡುವುದಕ್ಕಿಂತ ಅದು ಎಷ್ಟೋ ವಾಸಿ. ಹೊತ್ತು ಯಾವುದಾದರೂ ಆಗಲಿ, ಊಟವಾಗಿ ಮೂರು ಗಂಟೆ ಕಳೆದಿರಲಿ. ಮಾಗಿಯ ಚಳಿಯಲ್ಲಿ ಕೀಲು ಬಿಗಿದವರು ಬೆಳಗಿನ ಜಾವ ಏಳುವ ಹಟ ಮಾಡದೆ ಸಂಜೆ ಮಾಡಿ. ಗುಣವನ್ನು ನೋವಿನಿಂದ ಮಾತ್ರ ಅಳೆಯಬೇಡಿ. ಬಿಂದಿಗೆ ಎತ್ತಲು ಆಯಿತೇ, ಬಸ್ಸಿನಲ್ಲಿ ಬೆಂಗಳೂರಿನವರೆಗೆ ಕೂರಲು ಆಯಿತೇ, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂದೂ ನೋಡಿ. ನೋವು ಹತ್ತರ ಲೆಕ್ಕದಲ್ಲಿ ಆರರಲ್ಲೇ ನಿಂತಿದ್ದರೂ ಇವು ಮೊದಲು ಸುಧಾರಿಸುವುದನ್ನು ಬಹಳ ಜನರಲ್ಲಿ ಕಂಡಿದ್ದೇನೆ.

ಚೆನ್ನಾಗಿತ್ತು, ಮತ್ತೆ ನೋವು ಜೋರಾಯಿತು. ಮಾಡಿದ್ದೆಲ್ಲಾ ನೀರಿಗೆ ಹೋಯಿತೇ?

ಇಲ್ಲ. ಮದುವೆ ಮನೆಯ ಓಡಾಟ, ಕಟಾವು, ನಿದ್ದೆಗೆಟ್ಟ ವಾರ, ಮನೆಯಲ್ಲಿ ಜಗಳ, ಯಾವುದರಿಂದಲೂ ನೋವು ಮರಳಬಹುದು. ಎರಡು ದಿನ ಕುರ್ಚಿಯ ಮೇಲೆ ಕಾಲಿಟ್ಟು ಉಸಿರಾಟ ಮಾಡಿ, ಮನೆಯೊಳಗೆ ಓಡಾಡಿಕೊಂಡಿರಿ. ಹಾಸಿಗೆ ಹಿಡಿಯಬೇಡಿ. ಮೂರನೆಯ ದಿನ ನಿಮ್ಮ ಎಂದಿನ ಅಭ್ಯಾಸದ ಅರ್ಧದಿಂದ ಮತ್ತೆ ಮೆಲ್ಲಗೆ ಶುರು ಮಾಡಿ. ನೋವಿನ ರೀತಿಯೇ ಬೇರೆಯಾಗಿದ್ದರೆ, ಹೊಸದಾಗಿ ಜೋಮು ಬಂದಿದ್ದರೆ ವೈದ್ಯರಿಗೆ ತೋರಿಸಿ.

ಓಂ ಹೇಳಲೇಬೇಕೇ? ನಾವು ಬೇರೆ ಧರ್ಮದವರು.

ಬೇಡ. ನಮ್ಮ ತರಗತಿಯಲ್ಲಿ ಮೌನವಾಗಿ ಉಸಿರು ಗಮನಿಸುವವರೂ ಇದ್ದಾರೆ, ಮನಸ್ಸಿನಲ್ಲಿ ತಮ್ಮ ಪ್ರಾರ್ಥನೆ ಹೇಳಿಕೊಳ್ಳುವವರೂ ಇದ್ದಾರೆ. ಸೊಂಟ ಎಲ್ಲರದೂ ಒಂದೇ ರೀತಿ ನೋಯುತ್ತದೆ.

ಮೊದಲ ದಿನ ಬರುವಾಗ ಏನು ತರಬೇಕು?

ಒಂದು ಹಳೆಯ ಜಮಖಾನ ಅಥವಾ ಕಂಬಳಿ, ಎರಡು ಟವೆಲ್, ಒಂದು ಉದ್ದನೆಯ ದುಪ್ಪಟ್ಟಾ ಅಥವಾ ಪಂಚೆ. ದುಬಾರಿ ಮ್ಯಾಟ್ ಬೇಡ. ಸಡಿಲ ಬಟ್ಟೆ ಸಾಕು, ಸೀರೆ ಉಟ್ಟು ಬರುವವರಿಗೆ ಕುರ್ಚಿಯ ಅಭ್ಯಾಸಗಳಿವೆ. ಆಸ್ಪತ್ರೆಯ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ತನ್ನಿ. ತರಗತಿಗೆ ಹತ್ತು ನಿಮಿಷ ಮುಂಚೆ ಬಂದರೆ ಕೂತು ಮಾತನಾಡಬಹುದು. ಕುರ್ಚಿಗಳು ಇಲ್ಲೇ ಇವೆ.